ಕಾಗದದ ಕೆಟಲು

ಖರ್ಚು ಇಳಿಸಬೇಕೆಂದು ಕೌನ್ಸಿಲ್ಲಿನವರು
ಮೊದಲು ಒಯ್ದದ್ದು ನಮ್ಮ ಕೆಟಲನ್ನು.
ಆಮೇಲೆ ಶನಿವಾರವನ್ನು.
ಆರ್ಕ್ನಿ ದ್ವೀಪದ ಈ ಬಂದರೂರಿನ ಲೈಬ್ರರಿಯಲ್ಲಿ ಉಳಿದದ್ದು
ನಾನು, ಒಂದು ಹೀಟರು,
ಅದರ ಬಳಿ ಕೈ ಕಾಯಿಸುತ್ತ
ಓದುವಂತೆ ನಟಿಸುವ ನಾಲ್ಕು ಮುದುಕರು.

ನವೆಂಬರಿನ ಒಂದು ಮಂಗಳವಾರ
(ಇಲ್ಲಿ ನವೆಂಬರಿನಲ್ಲಿ ಬೆಳಗು ಎಂಬುದು ಬರೀ ವದಂತಿ)
ಬೀಗ ತೆಗೆದು ದೀಪ ಹಾಕಿದರೆ
ಹಳೆಯದು ಬಿಟ್ಟುಹೋದ ಕಂದು ಉಂಗುರದ ಮೇಲೆ
ಒಂದು ಕೆಟಲು.
ಕಾಗದದ್ದು.

ಹಿಡಿ, ಮುಚ್ಚಳ, ಮುಚ್ಚಳದ ಮೇಲೊಂದು ಗುಂಡಿ,
ಮೂತಿಯಿಂದ ಏಳುವ ಹಬೆ,
ಎಳೆ ಎಳೆಯಾಗಿ ಸೀಳಿದ ಸಾಲುಗಳು.
ಕನ್ನಡಕ ಏರಿಸಿ ಬಗ್ಗಿ ಓದಿದೆ:
ಉಬ್ಬರ ಆರು ಗಂಟೆ ಹನ್ನೆರಡು ನಿಮಿಷ,
ಇಳಿತ ಹನ್ನೆರಡೂ ನಲವತ್ತು.
ನಾನು ಹೈಸ್ಕೂಲಿನಲ್ಲಿದ್ದ ವರ್ಷದ ಕಡಲೆಲ್ಲ
ಸುರುಳಿ ಸುತ್ತಿ ಮೇಲೇರುತ್ತಿತ್ತು.
ಪಕ್ಕದಲ್ಲಿ ಚೀಟಿ: ಬಿಸಿ ಇದೆ, ಜೋಪಾನ.
ಅಷ್ಟೇ. ಅಂಕಿತವಿಲ್ಲ.

ಮುಟ್ಟಲಿಲ್ಲ ನಾನು. ನಿಜ ಹೇಳುತ್ತೇನೆ,
ಒಂದು ಕ್ಷಣ ಅಂಗೈ ಹತ್ತಿರ ಹಿಡಿದು ನೋಡಿದೆ.

ಆಮೇಲೆ ಫೆರಿಯ ಟಿಕೆಟ್ ಕೌಂಟರಿನಲ್ಲಿ ಒಂದು ದೋಣಿ,
ಹುಟ್ಟು ಹಾಕುವವರು ಮೂವರು,
ಮೂರನೆಯವನ ಕೈಯಲ್ಲಿ ಹುಟ್ಟಿನ ಬದಲು ಸ್ಯಾಂಡ್‌ವಿಚ್ಚು.
ಡಯಾಲಿಸಿಸ್ ಕೋಣೆಯ ಕಿಟಕಿಯಲ್ಲಿ
ಒಂದು ಮರ. ಮರವೆಂದರೆ ಅಪರೂಪವಾದ ನಮ್ಮ ದ್ವೀಪದಲ್ಲಿ!
ನಾಲ್ಕು ತಾಸು ಕೂರುವವರಿಗೆ
ಎಣಿಸಲು ಬೇಕಾದಷ್ಟು ಎಲೆ.
ಥೋರಾ ಇಸ್ಬಿಸ್ಟರ್ ಎಣಿಸಿದಳು: ಆರುನೂರ ಹದಿಮೂರು.
ಮುಂದಿನ ವಾರ ಆರುನೂರ ಹದಿನಾಲ್ಕಿತ್ತೆಂದು
ಈಗಲೂ ವಾದಿಸುತ್ತಾಳೆ.

ಊರಿಗೆ ಊರೇ ಪತ್ತೇದಾರಿಕೆಗೆ ಇಳಿಯಿತು.
ಡ್ರಾಯಿಂಗ್ ಮೇಷ್ಟರೇ ಇರಬೇಕೆಂದರು, ಅವರು ಕೆಂಪಾಗಿ ಅಲ್ಲವೆಂದರು,
ಅಲ್ಲವೆಂದದ್ದಕ್ಕೇ ಹೌದೆಂದರು.
ಪತ್ರಿಕೆಯ ಹುಡುಗ ಬಂದು ಬೆರಳಚ್ಚಿನ ಮಾತಾಡಿದ.
ಹೆಸರು ತಿಳಿದು ಏನು ಮಾಡುತ್ತೀಯಪ್ಪ, ಅಂದೆ.
ಥ್ಯಾಂಕ್ಸ್ ಹೇಳಬಹುದಲ್ಲ, ಅಂದ.
ಹೇಳು, ಅಂದೆ, ಎದುರು ಬಂದವರಿಗೆಲ್ಲ ಹೇಳು,
ಎರಡೇ ಸಾವಿರ ಜನ ನಾವು,
ಒಂದಲ್ಲ ಒಂದು ದಿನ ಸಲ್ಲಬೇಕಾದಲ್ಲಿಗೆ ಸಲ್ಲುತ್ತದೆ.

ನನಗೆ ಗೊತ್ತಾದದ್ದು ಫೆಬ್ರವರಿಯಲ್ಲಿ.
ಬಂದರಿನಲ್ಲಿ ಮೀನು ಸೀಳುವ ಎರ್ಲೆಂಡ್ ರೆಂಡಲ್,
ವಾರಕ್ಕೊಂದು ಪತ್ತೇದಾರಿ ಕಾದಂಬರಿ, ವಾರಕ್ಕೆರಡೇ ಮಾತು,
ಪುಸ್ತಕ ಮರಳಿಸಲು ಕೈ ಚಾಚಿದ.
ಮೂವತ್ತು ವರ್ಷದಿಂದ ಆ ಕೈ ನೋಡಿದ್ದೇನೆ.
ಮೀನಿನ ಚೂರಿ ಕೊಯ್ದರೆ ಗಾಯಕ್ಕೆ ಬಾಯಿರುತ್ತದೆ.
ಇವು ಬಾಯಿಲ್ಲದವು, ಕೂದಲೆಳೆಯಂಥವು,
ತೋರುಬೆರಳ ತುದಿಗೆ ಮೂರು, ಹೆಬ್ಬೆರಳಿಗೊಂದು.
ಕಾಗದದ ನಡುವೆಯೇ ತಲೆ ಬೆಳ್ಳಗಾದವಳು ನಾನು,
ಕಾಗದ ಕೊಯ್ದದ್ದು ಹೇಗಿರುತ್ತದೆಂದು
ನನಗೆ ಹೇಳಿಕೊಡಬೇಕೆ?

ಬಾಯಿ ತೆರೆದೆ.
ತೆರೆದ ಬಾಯಿಗೆ ಏನಾದರೂ ಕೆಲಸ ಕೊಡಬೇಕಲ್ಲ,
ಹೊರಗೆ ಗಾಳಿ ಜೋರು, ಅಂದೆ.
ಇಲ್ಲಿ ಗಾಳಿ ಯಾವಾಗಲೂ ಜೋರೇ.
ಹೊಸ ಪುಸ್ತಕಕ್ಕೆ ತಾರೀಖು ಒತ್ತಿ ಕೊಟ್ಟೆ.

ಅವನು ಕೆಟಲಿನ ಕಡೆ ತಿರುಗಿ
ಯಾರು ಮಾಡಿದ್ದಂತೆ, ಎಂದು ಕೇಳಿದ.
ಯಾರೋ ಕೆಲಸವಿಲ್ಲದವರು, ಅಂದೆ.
ಹ್ಞೂಂ, ಅಂದ. ಬಾಗಿಲವರೆಗೆ ಹೋಗಿ, ನಿಂತು,
ಚಹಾ ಆರುತ್ತದೆ, ಅಂದ.
ಆ ವಾರದ ಮೂರನೆಯ ಮಾತು ಅದು.

ಅವತ್ತು ಸಂಜೆ, ಯಾರಿಗೂ ಬೇಡವಾದ ಹಳೆಯ ಉಬ್ಬರಿಳಿತದ ಪಟ್ಟಿಗಳನ್ನು,
ವಜಾ ಎಂದು ಮುದ್ರೆ ಬಿದ್ದ ಎರಡು ವಿಶ್ವಕೋಶಗಳನ್ನು
ಪೆಟ್ಟಿಗೆಗೆ ತುಂಬಿ, ನೆನೆಯದ ಹಾಗೆ ಟಾರ್ಪಾಲು ಹೊದಿಸಿ
ಹಿಂಬಾಗಿಲ ಹೊರಗಿಟ್ಟೆ.
ಒಳಗೆ, ಎಲ್ಲಕ್ಕಿಂತ ಮೇಲೆ, ಒಂದು ಡಬ್ಬಿ ಬ್ಯಾಂಡೇಜು ಪಟ್ಟಿ.
ಚೀಟಿ ಬರೆಯಲು ಕೂತೆ. ನಿಮಗೆ, ಎಂದು ಬರೆದು
ಹರಿದುಬಿಟ್ಟೆ. ನನ್ನ ಅಕ್ಷರ ಊರಿಗೆಲ್ಲ ಗೊತ್ತು.

ಬೆಳಿಗ್ಗೆ ಪೆಟ್ಟಿಗೆ ಇರಲಿಲ್ಲ.
ಹರಿದ ಚೀಟಿಯ ಅರ್ಧ ಇನ್ನೂ ನನ್ನ ಕೋಟಿನ ಜೇಬಿನಲ್ಲಿದೆ.
ಬಸ್ಸಿಗೆ ಕಾಯುವಾಗ ಬೆರಳು
ತನ್ನಷ್ಟಕ್ಕೆ ಅದನ್ನು ಮಡಿಸುತ್ತಿರುತ್ತದೆ.
ಏನಾಗುತ್ತಿದೆಯೋ,
ತೆಗೆದು ನೋಡಿಲ್ಲ.